ಎದುರಿಗೆ ಯಾರೋ ಕೂತಿದ್ದಾರೆ

ಬೆಂಗಳೂರಿನಲ್ಲಿ ಸ್ನೇಹಿತರ ನಡುವೆ ಮನಸ್ತಾಪ ಹುಟ್ಟಿಸಲು ರಾಜಕೀಯ ಎತ್ತಬೇಕಾಗಿಲ್ಲ. ಊರಿನಲ್ಲಿ ಮಸಾಲೆ ದೋಸೆ ಯಾವ ಹೋಟೆಲಿನದು ಚೆನ್ನ ಎಂದು ಕೇಳಿದರೆ ಸಾಕು. ಒಬ್ಬರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಎನ್ನುತ್ತಾರೆ, 1943ರಿಂದ ನಡೆದು ಬಂದಿದೆ ಕಣ್ರೀ ಎಂದು ಇಸವಿಯನ್ನೂ ಸೇರಿಸುತ್ತಾರೆ. ಇನ್ನೊಬ್ಬರು ಮಲ್ಲೇಶ್ವರದವರು, ಸಿ.ಟಿ.ಆರ್. ಬಿಟ್ಟು ಬೇರೆ ಹೆಸರು ಅವರ ಬಾಯಿಂದ ಹೊರಡುವುದಿಲ್ಲ. ಮೂರನೆಯವರು ಲಾಲ್‌ಬಾಗ್ ಕಡೆಗೆ ಕೈ ತೋರಿಸಿ ಎಂ.ಟಿ.ಆರ್. ತುಪ್ಪದ ವಾಸನೆಯನ್ನು ವರ್ಣಿಸತೊಡಗುತ್ತಾರೆ. ವಾದ ತಾರಕಕ್ಕೇರುತ್ತದೆ, ಹೊಟ್ಟೆ ಹಸಿಯುತ್ತದೆ. ಕೊನೆಗೆ ಮೂವರೂ ಎದ್ದು ಪಕ್ಕದ ರಸ್ತೆಯ ಯಾವುದೋ ಹೋಟೆಲಿಗೆ ಹೋಗಿ, ತಲಾ ಒಂದು ಮಸಾಲೆ ತಿಂದು, ಟು ಬೈ ತ್ರೀ ಕಾಫಿ ಹಂಚಿಕೊಂಡು ಮನೆಗೆ ಹೊರಡುತ್ತಾರೆ. ಆ ‘ಯಾವುದೋ ಹೋಟೆಲ್’ ಬಗ್ಗೆ ಯಾರೂ ಒಂದು ಮಾತಾಡುವುದಿಲ್ಲ. ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ಹೆಸರಾದ ಹೋಟೆಲಿಗೆ ಹೋಗುವುದೆಂದರೆ ತಿರುಪತಿಗೆ ಹೊರಟಂತೆ. ಮೊದಲೇ ಸಂಕಲ್ಪವಾಗಬೇಕು, ಭಾನುವಾರ ಬೇಗ ಏಳಬೇಕು, ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಅಷ್ಟೆಲ್ಲ ಆಗಿ ದೋಸೆ ಮುಂದೆ ಬಂದಾಗ ಚೆನ್ನಾಗಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತ ನಾಲಗೆ ನಿಷ್ಪಕ್ಷಪಾತವಾಗಿ ತೀರ್ಪು ಕೊಡಲಾರದು. ನಡುಮಟ್ಟದ ಹೋಟೆಲು ನಮ್ಮಿಂದ ಭಕ್ತಿಯನ್ನು ಬಯಸುವುದಿಲ್ಲ. ಹಸಿವಿದ್ದರೆ ಬನ್ನಿ, ತಿನ್ನಿ, ದುಡ್ಡು ಕೊಟ್ಟು ಹೋಗಿ. ಚಟ್ನಿಗೆ ಉಪ್ಪು ಕಮ್ಮಿ ಎಂದು ಬೈದರೂ ಅಡ್ಡಿಯಿಲ್ಲ, ನಾಳೆಯೂ ಬರುತ್ತೀರೆಂದು ಅದಕ್ಕೆ ಗೊತ್ತು.

ಅಂಥ ಹೋಟೆಲನ್ನು ನೋಡಬೇಕಾದರೆ ಮೆಜೆಸ್ಟಿಕ್‌ಗೆ ಬನ್ನಿ. ಕೆಂಪೇಗೌಡ ಬಸ್ ನಿಲ್ದಾಣದ ಸಬ್‌ವೇ ಇಳಿದು ಹತ್ತಿ ಗಾಂಧಿನಗರದೊಳಕ್ಕೆ ನಡೆದರೆ ಸುಬೇದಾರ್ ಛತ್ರಂ ರಸ್ತೆ. ಹೆಸರಿನಲ್ಲಿ ಛತ್ರವಿದೆ, ಬೀದಿಯಲ್ಲಿ ಲಾಡ್ಜುಗಳಿವೆ, ಲಾಡ್ಜಿನ ಕೆಳಗೊಂದು ವೆಜ್ ಹೋಟೆಲಿದೆ. ಬೆಳಗ್ಗೆ ಹುಬ್ಬಳ್ಳಿ, ಶಿವಮೊಗ್ಗ, ಬಳ್ಳಾರಿಯ ರಾತ್ರಿ ಬಸ್ಸುಗಳಿಂದ ಇಳಿದವರು ಕಣ್ಣುಜ್ಜುತ್ತಾ ಬರುತ್ತಾರೆ. ಹನ್ನೊಂದಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಹುಡುಗರು. ಮಧ್ಯಾಹ್ನ ಕೆ.ಜಿ. ರಸ್ತೆಯ ಕೋರ್ಟಿನಿಂದ ವಕೀಲರು, ಅವರ ಹಿಂದೆ ಫೈಲು ಕಂಕುಳಲ್ಲಿಟ್ಟುಕೊಂಡ ಕಕ್ಷಿದಾರರು. ಬಿಲ್ಲು ಕೊಡುವ ಹೊತ್ತಿಗೆ ಮಾತ್ರ ಈ ಕ್ರಮ ತಿರುಗಿ ಕಕ್ಷಿದಾರರು ಹಿಂದೆ ಉಳಿಯದೆ ಮುಂದೆ ಬರಬೇಕಾಗುತ್ತದೆ. ಸಂಜೆ ಸಿನಿಮಾದವರು. ಗಾಂಧಿನಗರವೆಂದರೆ ಕನ್ನಡ ಚಿತ್ರರಂಗ ಎಂದು ಪತ್ರಿಕೆಗಳು ಈಗಲೂ ಬರೆಯುತ್ತವಷ್ಟೆ. ಒಂದು ಕಾಫಿಯ ಮುಂದೆ ಇಬ್ಬರು ಕೂತು ಕೋಟಿಗಳ ಮಾತಾಡುತ್ತಿದ್ದರೆ ಅವರು ಕಥೆ ಚರ್ಚೆಗೆ ಕೂತವರೆಂದು ತಿಳಿಯಬೇಕು.

ಒಳಗೆ ಕಾಲಿಟ್ಟರೆ ಮೊದಲು ಗಲ್ಲಾ. ಗಲ್ಲಾದ ಹಿಂದಿನ ಗೋಡೆಯಲ್ಲಿ ವೆಂಕಟರಮಣ, ಕೊಲ್ಲೂರು ಮೂಕಾಂಬಿಕೆ, ಶಿರಡಿ ಬಾಬಾ, ಪಕ್ಕದಲ್ಲಿ ಹೋಟೆಲು ಆರಂಭಿಸಿದ ತೀರ್ಥರೂಪರು. ಊದುಬತ್ತಿಯ ಹೊಗೆ ನಾಲ್ವರಿಗೂ ಸಮಪಾಲು. ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆ ಇಷ್ಟು ರೂಪಾಯಿ ಬಂತೆಂದು ಗಟ್ಟಿಯಾಗಿ ಸಾರುತ್ತದೆ. ಇದೇನು ಕಾಲ, ತಿಂದ ಲೆಕ್ಕವೆಲ್ಲ ಊರಿಗೆ ಕೇಳಬೇಕೆ ಎಂದು ಬೇಸರಪಡುವವರು ಹಳೆಯ ಹೋಟೆಲುಗಳನ್ನು ಮರೆತಿದ್ದಾರೆ. ಆಗ ಬಿಲ್ಲಿನ ಚೀಟಿ ಎಲ್ಲಿತ್ತು? ಗಿರಾಕಿ ಏಳುತ್ತಿದ್ದಂತೆ ಮಾಣಿ ಒಳಗಿಂದಲೇ, ‘ಕನ್ನಡಕದವರು, ಮೂರೂವರೆ!’ ಎಂದು ಕೂಗುತ್ತಿದ್ದ. ಗಲ್ಲಾದವರು ತಲೆಯೆತ್ತದೆ ಕೈ ಚಾಚುತ್ತಿದ್ದರು. ಪೆಟ್ಟಿಗೆ ಕನ್ನಡಕದ ಸುದ್ದಿಯನ್ನಾದರೂ ಎತ್ತುವುದಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಕುರ್ಚಿ ಖಾಲಿಯಿರುವುದಿಲ್ಲ. ಇಲ್ಲಿ ಟೇಬಲ್ ಕಾದಿರಿಸುವ ಪದ್ಧತಿ ಇಲ್ಲ, ಕುರ್ಚಿಯ ಹಿಂದೆ ನಿಲ್ಲುವ ಪದ್ಧತಿ ಇದೆ. ಇದಕ್ಕೂ ವಿದ್ಯೆ ಬೇಕು. ಚಪಾತಿ ಮುರಿಯುತ್ತಿರುವವರ ಹಿಂದೆ ನಿಂತರೆ ಕೆಟ್ಟಿರಿ: ಅವರ ಮುಂದೆ ಇನ್ನೂ ಸಾಗು, ಪಲ್ಯ, ಸಾಂಬಾರು, ತಿಳಿಸಾರು, ಹಪ್ಪಳ, ಮಜ್ಜಿಗೆ ಎಲ್ಲ ಇದೆ. ಮೊಸರಿನ ಬಟ್ಟಲಿಗೆ ಕೈ ಹಾಕಿದವರನ್ನು ಹುಡುಕಬೇಕು. ಅಲ್ಲೂ ಅಪಾಯ ತಪ್ಪಿದ್ದಲ್ಲ. ಕೆಲವರು ಮೊಸರನ್ನ ಮುಗಿಸಿ, ನೀವು ಇನ್ನೇನು ಕೂತೇಬಿಟ್ಟೆ ಎಂದುಕೊಳ್ಳುವಾಗ, ‘ಸ್ವಲ್ಪ ಅನ್ನ, ಸಾರು’ ಎಂದು ಮೊದಲಿನಿಂದ ಶುರು ಮಾಡುತ್ತಾರೆ. ಹಿಂದೆ ನಿಂತಿರುವುದು ಉಣ್ಣುವವರಿಗೆ ಗೊತ್ತಿಲ್ಲವೆಂದೇನಲ್ಲ. ಬೆನ್ನಿಗೆ ಕಣ್ಣಿಲ್ಲದಿದ್ದರೂ ಕಿವಿ ಕೆಂಪಾಗುವುದು ಕಾಣುತ್ತದೆ. ಧೀರರು ಮಾತ್ರ ಪಾಯಸವನ್ನು ಚಮಚದ ತುದಿಯಲ್ಲಿ ಸವಿಯುತ್ತ ಕೂರುತ್ತಾರೆ.

ಅಷ್ಟರಲ್ಲಿ ಸಪ್ಲೈಯರ್ ದಯೆ ತೋರಿಸುತ್ತಾನೆ: ‘ಅಲ್ಲೊಂದು ಸೀಟಿದೆ ನೋಡಿ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ.’ ನಾಲ್ಕು ಜನರ ಟೇಬಲ್ಲಿನಲ್ಲಿ ಗುರುತಿಲ್ಲದ ಮೂವರು ಕೂತಿದ್ದಾರೆ. ನಾಲ್ಕನೆಯವರಾಗಿ ನೀವು ಸೇರುತ್ತೀರಿ. ಅಲ್ಲಿಂದ ಮುಂದೆ ಎಲ್ಲೂ ಬರೆದಿಡದ, ಎಲ್ಲರಿಗೂ ಗೊತ್ತಿರುವ ಕಾನೂನುಗಳು ಜಾರಿಗೆ ಬರುತ್ತವೆ. ಎದುರಿನವರ ಮುಖ ನೋಡಬಾರದು, ತಟ್ಟೆ ನೋಡಬಹುದು. ‘ಅದೇನು ಸಾರ್, ಬಿಸಿಬೇಳೆಬಾತಾ? ಚೆನ್ನಾಗಿದೆಯಾ?’ ಎಂದು ಕೇಳುವುದು ತಪ್ಪಲ್ಲ. ಉತ್ತರವಾಗಿ ತುಟಿ ಒಂದಿಷ್ಟು ಸೊಟ್ಟಗಾದರೆ ನೀವು ರೈಸ್‌ಬಾತ್ ಹೇಳಬೇಕು. ನೀರಿನ ಜಗ್ಗು ಯಾರ ಹತ್ತಿರವಿದೆಯೋ ಅವರೇ ಎಲ್ಲರ ಲೋಟ ತುಂಬಬೇಕು. ನಿಮ್ಮ ವಡೆ ತಪ್ಪಿ ಅವರ ಮುಂದೆ ಬಂದರೆ ಅವರು ಮುಟ್ಟದೆ ಇತ್ತ ಸರಿಸಬೇಕು. ಹೆಸರು ಕೇಳಬಾರದು, ಕೆಲಸ ಕೇಳಬಾರದು, ಬಸ್ಸು ಎಷ್ಟೊತ್ತಿಗೆ ಎಂದು ಕೇಳಬಹುದು. ಇಷ್ಟೆಲ್ಲ ಆದ ಮೇಲೂ ಆ ಮನುಷ್ಯ ಯಾರೆಂದು ನಿಮಗೆ ಗೊತ್ತಾಗುವುದಿಲ್ಲ. ಅವರಿಗೆ ಸೀಮೆಬದನೆ ಹೋಳು ಸೇರದೆಂಬುದು, ಕರಿಬೇವಿನ ಎಲೆಗಳನ್ನು ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಾರೆಂಬುದು ಗೊತ್ತಾಗಿರುತ್ತದೆ. ಮನೆಯವರಿಗೂ ಹೇಳದ ಗುಟ್ಟುಗಳು ಇವು.

ಇನ್ನು ಸಪ್ಲೈಯರ್. ಟೇಬಲ್ ಮೇಲೆ ಮೆನು ಕಾರ್ಡಿದ್ದರೂ ಅದನ್ನು ಬಿಡಿಸಿ ನೋಡುವುದು ಅವನಿಗೆ ಅವಮಾನ. ‘ಬಿಸಿ ಏನಿದೆ?’ ಎಂದು ಕೇಳಬೇಕು. ‘ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಚೌಚೌ, ಪೂರಿ, ಸೆಟ್ ದೋಸೆ, ಖಾಲಿ, ಮಸಾಲೆ, ಈರುಳ್ಳಿ, ರವೆ ಲೇಟಾಗುತ್ತೆ’ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ರವೆ ದೋಸೆ ಲೇಟಾಗದ ಹೋಟೆಲು ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ಹನ್ನೊಂದು ಹೆಸರು ಕೇಳಿಸಿಕೊಂಡು ನಾವು ಇಡ್ಲಿ-ವಡೆ ಎನ್ನುತ್ತೇವೆ. ಅವನಿಗೂ ಅದು ಮೊದಲೇ ಗೊತ್ತಿತ್ತು.

ಒಂದು ಕಾಲಕ್ಕೆ ಈ ಮಾಣಿಗಳೆಲ್ಲ ಕುಂದಾಪುರ, ಉಡುಪಿ, ಕಾರ್ಕಳ ಕಡೆಯ ಹುಡುಗರು. ಮನೆಯಲ್ಲಿ ಮಕ್ಕಳು ಹೆಚ್ಚು, ಗದ್ದೆ ಕಮ್ಮಿ. ಬೆಂಗಳೂರಿಗೋ ಮದ್ರಾಸಿಗೋ ಬೊಂಬಾಯಿಗೋ ಹೋಗಿರುವ ಊರವರ ಹೋಟೆಲಿಗೆ ಒಂದು ಚೀಟಿ ಬರೆಸಿಕೊಂಡು ಬಸ್ಸು ಹತ್ತುತ್ತಿದ್ದರು. ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಅಡುಗೆ ಕಲಿತು, ಕೊನೆಗೆ ತಾವೇ ಗಲ್ಲಾದಲ್ಲಿ ಕೂತವರುಂಟು. ಕಡಂದಲೆಯ ಕೃಷ್ಣರಾಯರು ಹೀಗೆ ತಳದ ಕೆಲಸದಿಂದ ಮೇಲೆ ಬಂದು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಬೊಂಬಾಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ನಡೆದವು. ಹಗಲು ಲೋಟ ತೊಳೆದ ಕೈ ರಾತ್ರಿ ಬಳಪ ಹಿಡಿಯುತ್ತಿತ್ತು, ಅಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿ ಸೇರಿದವರೂ ಇದ್ದರು. ಇದನ್ನು ಹೇಳುವಾಗ ಸಿಹಿಯನ್ನಷ್ಟೇ ಹೇಳಿ ಮುಗಿಸಬಾರದು. ಹತ್ತು ವರ್ಷದ ಹುಡುಗನ ಬಾಲ್ಯ ಬಕೆಟ್ಟಿನ ನೀರಿನಲ್ಲಿ ಕಳೆಯುವುದನ್ನು ನಾವೆಲ್ಲ ಕಾಫಿ ಹೀರುತ್ತ ನೋಡಿದ್ದೇವೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂದು ಕೇಂದ್ರ ಸರಕಾರ ನಿಷೇಧ ತಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟು ತಡವಾಗಿ.

ಈಗ ಕರಾವಳಿಯ ಹುಡುಗರು ಕಾಲೇಜಿಗೆ ಹೋಗುತ್ತಾರೆ. ಬಡಿಸುವವರು ಒಡಿಶಾ, ಅಸ್ಸಾಂ, ಬಿಹಾರದವರು. ನೇಪಾಳದವರೂ ಇದ್ದಾರೆ. ಅವರು ಕನ್ನಡ ಕಲಿಯುವುದಿಲ್ಲ ಎಂದು ಗೊಣಗುವವರು ಒಮ್ಮೆ ಹೋಟೆಲಿಗೆ ಬರಬೇಕು. ಬಂದು ತಿಂಗಳಾಗದ ಹುಡುಗ ‘ಡಿಪ್ಪಾ, ಸಪರೇಟಾ?’ ಎಂದು ಕೇಳುತ್ತಾನೆ. ಇಡ್ಲಿ ಸಾಂಬಾರಿನಲ್ಲಿ ಮುಳುಗಬೇಕೋ ದಡದಲ್ಲಿ ಇರಬೇಕೋ ಎಂಬ ಈ ಪ್ರಶ್ನೆ ಬೆಂಗಳೂರಿಗನ ಜೀವನದ ಮೂಲಭೂತ ಪ್ರಶ್ನೆ. ಅದನ್ನು ಸರಿಯಾಗಿ ಕೇಳಬಲ್ಲವನಿಗೆ ಉಳಿದ ವ್ಯಾಕರಣ ನಿಧಾನವಾಗಿ ಬರುತ್ತದೆ.

ಇಡ್ಲಿಯ ಮಾತು ಬಂತು. ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ, ಅಂದರೆ ಸುಮಾರು ಹತ್ತನೆಯ ಶತಮಾನದಲ್ಲಿ, ಇಡ್ಡಲಿಗೆ ಬರುತ್ತದೆ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಕ್ರಮವಿದೆ: ಉದ್ದು, ಮೊಸರಿನ ತಿಳಿ, ಜೀರಿಗೆ, ಮೆಣಸು, ಇಂಗು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಹೊತ್ತಿಗೆ ತನ್ನ ‘ಮಾನಸೋಲ್ಲಾಸ’ದಲ್ಲಿ ಇಡ್ಲಿ, ದೋಸೆ, ವಡೆ ಮೂರರ ಪೂರ್ವಜರನ್ನೂ ಸೇರಿಸಿಕೊಂಡಿದ್ದಾನೆ. ಇಡೀ ದೇಶ ಆಳುವ ರಾಜ, ತಿಂಡಿಯ ಪಟ್ಟಿ ಕೊಡುವಾಗ ನಮ್ಮ ಸಪ್ಲೈಯರನಷ್ಟೇ ಉತ್ಸಾಹಿ. ಒಂದೇ ವ್ಯತ್ಯಾಸ, ಅವನ ಉದ್ದಿನ ಇಡ್ಲಿಯಲ್ಲಿ ಅಕ್ಕಿ ಇರಲಿಲ್ಲ. ನಮ್ಮ ಹೋಟೆಲಿನ ಇಡ್ಲಿಯಲ್ಲಿ ಉದ್ದು ಎಷ್ಟಿದೆ ಎಂದು ಕೇಳಬೇಡಿ.

ಉದ್ದಿನ ಲೆಕ್ಕ ಹೇಗಾದರೂ ಇರಲಿ, ಇವತ್ತಿನ ಇಡ್ಲಿ ನಿನ್ನೆಯದರಂತೆಯೇ ಇರುತ್ತದೆ. ನಡುಮಟ್ಟವೆಂದರೆ ತಾನಾಗಿ ಒದಗುವ ಮಟ್ಟ ಎಂದುಕೊಳ್ಳುತ್ತೇವೆ. ಹಿಟ್ಟು ರುಬ್ಬುವವರನ್ನು ಕೇಳಿ ನೋಡಿ. ಏಪ್ರಿಲ್‌ನಲ್ಲಿ ಹಿಟ್ಟು ಸಂಜೆಗೇ ಉಕ್ಕಿ ಪಾತ್ರೆಯಿಂದ ಹೊರಬರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗ್ಗೆ ನಾಲ್ಕಕ್ಕೂ ಮಿಸುಕದೆ ಮಲಗಿರುತ್ತದೆ. ಉಪ್ಪನ್ನು ಯಾವಾಗ ಹಾಕಬೇಕು, ನೀರು ಎಷ್ಟು ಬೆಚ್ಚಗಿರಬೇಕು, ಒಲೆಯಿಂದ ಎಷ್ಟು ದೂರ ಇಡಬೇಕು ಎಲ್ಲವನ್ನೂ ಹವೆ ನೋಡಿ ಬದಲಾಯಿಸಬೇಕು, ಅದೂ ಗಿರಾಕಿಗೆ ಏನೂ ಬದಲಾಗಿಲ್ಲ ಎನಿಸಲು. ದೋಸೆ ಭಟ್ಟರು ಕಾವಲಿಗೆ ನೀರು ಚಿಮುಕಿಸಿ ತೆಂಗಿನ ಕಡ್ಡಿಯ ಪೊರಕೆಯಿಂದ ಗುಡಿಸುವುದು ಶೋಕಿಗಲ್ಲ. ಕಾವು ಇಳಿಯದಿದ್ದರೆ ಹಿಟ್ಟು ಹರಡುವ ಮೊದಲೇ ಗಟ್ಟಿಯಾಗಿ ಸೌಟಿಗೆ ಅಂಟಿಕೊಳ್ಳುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಸಾಂಬಾರಿನ ಹುಳಿಯ ಭಾರವನ್ನೆಲ್ಲ ಹುಣಿಸೆಹಣ್ಣು ಒಂದೇ ಹೊತ್ತಿತು. ನಮಗೆ ತಿಳಿಯಲೂ ಇಲ್ಲ. ತಿಳಿಯದಿದ್ದುದೇ ಅಡುಗೆಯವರ ಗೆಲುವು. ಬೆಳಗಿನ ಸಾಂಬಾರಿನಲ್ಲಿ ಬೇಳೆಯಿರುತ್ತದೆ, ರಾತ್ರಿಯದರಲ್ಲಿ ಬೇಳೆಯ ನೆನಪಷ್ಟೇ ಇರುತ್ತದೆ ಎಂಬ ಆಪಾದನೆ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಆ ಇಳಿಜಾರು ಕೂಡ ದಿನವೂ ಒಂದೇ ಹದದಲ್ಲಿ ಇಳಿಯುತ್ತದೆ.

ಸಾಂಬಾರಿಗೆ ಬೆಲ್ಲ ಹಾಕಬೇಕೇ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಕರಾವಳಿಯವರು ಹಾಕುತ್ತಾರೆ, ಬಯಲುಸೀಮೆಯವರು ಮುಖ ಸಿಂಡರಿಸಿ ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ.

ಸಂಜೆ ಮೇಲೆ ಬೋರ್ಡು ಬದಲಾಗುತ್ತದೆ. ಪನ್ನೀರ್ ಬಟರ್ ಮಸಾಲ, ವೆಜ್ ಫ್ರೈಡ್ ರೈಸ್, ಗೋಬಿ ಮಂಚೂರಿ. ಚೀನಾದ ಮಂಚೂರಿಯಾಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಕಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಬೊಂಬಾಯಿಯಲ್ಲಿ ಕೋಳಿಯಿಂದ ಮಾಡಿದ್ದು ಮೂಲವೆನ್ನುತ್ತಾರೆ. ನಮ್ಮ ಹೋಟೆಲಿನವರು ಕೋಳಿಯನ್ನು ಹೊರಗೆ ನಿಲ್ಲಿಸಿ ಹೂಕೋಸನ್ನು ಒಳಗೆ ಕರೆದರು. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಗೋಬಿಗೆ ಕೃತಕ ಬಣ್ಣ ಹಾಕಕೂಡದೆಂದು ಆಜ್ಞೆ ಮಾಡಿತು. ಕೆಂಡದ ಹಾಗಿದ್ದ ತಟ್ಟೆ ಬಿಳಿಚಿಕೊಂಡಿತು, ತಿನ್ನುವವರಿಗೆ ಮೊದಲ ಬಾರಿಗೆ ಅದರಲ್ಲಿ ಹೂಕೋಸು ಕಾಣಿಸಿತು.

ಇಷ್ಟು ಹೊತ್ತು ಒಂದೇ ಹೋಟೆಲಿನ ಮಾತಾಡಿದೆನೇ? ಅದು ಪೂರ್ತಿ ನಿಜವಲ್ಲ. ಒಂದು ಬೋರ್ಡಿನ ಕೆಳಗೆ ಮೂರು ಹೋಟೆಲುಗಳಿವೆ. ಬಾಗಿಲ ಬಳಿ ಸೆಲ್ಫ್ ಸರ್ವಿಸ್, ಟೋಕನ್ ತಗೊಂಡು ನಿಂತು ತಿನ್ನುವುದು. ಇದಕ್ಕೆ ರೂಪು ಕೊಟ್ಟದ್ದು 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ತೆರೆದ ಕೆಫೆ ದರ್ಶಿನಿ. ಒಳಗೆ ಕುರ್ಚಿ, ಫ್ಯಾನು, ಸಪ್ಲೈಯರ್. ಮಹಡಿಯ ಮೇಲೆ ಎ.ಸಿ. ಹಾಲು. ಮೂರಕ್ಕೂ ಒಂದೇ ಅಡುಗೆಮನೆ, ಒಂದೇ ಕೊಳಗದ ಸಾಂಬಾರು, ದರ ಮಾತ್ರ ಮೂರು. ಮೇಲೆ ಹೋದವರಿಗೆ ತಣ್ಣನೆಯ ಗಾಳಿ ಸಿಗುತ್ತದೆ, ಮೆಟ್ಟಿಲು ಹತ್ತುವಷ್ಟರಲ್ಲಿ ದೋಸೆಯೂ ತಣ್ಣಗಾಗಿರುತ್ತದೆ. 2017ರ ಜುಲೈನಲ್ಲಿ ಜಿ.ಎಸ್‌.ಟಿ. ಬಂದಾಗ ಸರಕಾರವೂ ಈ ಅಂತಸ್ತನ್ನು ಮಾನ್ಯ ಮಾಡಿತ್ತು: ಫ್ಯಾನಿನ ಕೆಳಗಿನ ಇಡ್ಲಿಗೆ 12%, ಎ.ಸಿ. ಇಡ್ಲಿಗೆ 18%. ನವೆಂಬರಿನಲ್ಲಿ ಎರಡಕ್ಕೂ 5% ಎಂದಾಯಿತು. ಇಡ್ಲಿ ಇಡ್ಲಿಯೇ ಎಂದು ಒಪ್ಪಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು.

ಇದು ನಗುವ ಭೇದ. ನಗಲಾಗದ ಭೇದವೂ ಇದೇ ಹೋಟೆಲುಗಳಲ್ಲಿತ್ತು. 1924ರಲ್ಲಿ ಪರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ತೆರೆದ, ಮುಂದೆ ಎಂ.ಟಿ.ಆರ್. ಎಂದು ಮನೆಮಾತಾದ ಹೋಟೆಲಿನ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. ಅಂಥ ಬೋರ್ಡು ಆಗ ಊರೂರಿನಲ್ಲಿತ್ತು. ಅಡುಗೆ ಯಾರು ಮಾಡಿದರೆಂದು ತಿಳಿಯದೆ ಹೊರಗೆ ಉಣ್ಣದವರಿಗೆ ಅದು ಭರವಸೆ, ಉಳಿದವರಿಗೆ ಎಚ್ಚರಿಕೆ. ಒಳಗೆ ಬ್ರಾಹ್ಮಣರಿಗೇ ಬೇರೆ ಕೋಣೆಯಿಟ್ಟ ಹೋಟೆಲುಗಳಿದ್ದವು, ದಲಿತರಿಗೆ ಬಾಗಿಲಾಚೆಗೆ ಪ್ರತ್ಯೇಕ ಲೋಟವಿಟ್ಟ ಹೋಟೆಲುಗಳೂ ಇದ್ದವು. ಮದ್ರಾಸಿನಲ್ಲಿ 1957ರಷ್ಟು ಈಚೆಗೆ ಪೆರಿಯಾರ್ ಅವರು ಹೋಟೆಲ್ ಬೋರ್ಡಿನಿಂದ ‘ಬ್ರಾಹ್ಮಣ’ ಎಂಬುದನ್ನು ಅಳಿಸಬೇಕೆಂದು ಚಳವಳಿ ಹೂಡಬೇಕಾಯಿತು.

ನಮ್ಮ ಸಂವಿಧಾನದ 15ನೇ ವಿಧಿಯನ್ನು ಓದಿದಾಗ ನನಗೆ ಮೊದಲು ಆಶ್ಚರ್ಯವಾದದ್ದು ಇದಕ್ಕೇ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ಎಲ್ಲೆಲ್ಲಿ ತಡೆಯಕೂಡದು ಎಂದು ಪಟ್ಟಿ ಮಾಡುವಾಗ ಅದರಲ್ಲಿ ಅಂಗಡಿ ಬರುತ್ತದೆ, ಬಾವಿ ಬರುತ್ತದೆ, ಕೆರೆ, ಸ್ನಾನಘಟ್ಟ, ರಸ್ತೆ ಬರುತ್ತವೆ. ಅವುಗಳ ಜೊತೆಗೆ ಸಾರ್ವಜನಿಕ ಉಪಾಹಾರ ಗೃಹ ಮತ್ತು ಹೋಟೆಲು. ದೇಶದ ಮೂಲ ಕಾನೂನನ್ನು ಬರೆಯಲು ಕೂತ ಮಹನೀಯರು ಇಡ್ಲಿ-ವಡೆಯ ಟೇಬಲ್ಲಿನ ತನಕ ಬಂದು ನೋಡಿದ್ದರು. ಜೊತೆಗೆ ಕೂತು ಉಣ್ಣುವುದು ಭಾಷಣದಿಂದ ಆಗುವ ಕೆಲಸವಲ್ಲವೆಂದು ಅವರಿಗೆ ಗೊತ್ತಿತ್ತು. ಕಾನೂನು ಬಾಗಿಲು ತೆರೆಯಿತು, ಮಧ್ಯಾಹ್ನದ ಒಂದು ಗಂಟೆಯ ರಶ್ಶು ಮಿಕ್ಕದ್ದನ್ನು ಮಾಡಿತು. ಸೀಟಿಗಾಗಿ ಹಸಿದು ನಿಂತವರಿಗೆ ಪಕ್ಕದವರ ಕುಲಗೋತ್ರ ವಿಚಾರಿಸಲು ಪುರುಸೊತ್ತೆಲ್ಲಿ? ಎಲ್ಲ ಕಡೆ ಹೀಗಾಗಿದೆ ಎಂದು ನಾನು ಹೇಳಲಾರೆ. ಸಣ್ಣ ಊರುಗಳ ಹೋಟೆಲಿನಲ್ಲಿ ಲೋಟ ಬೇರೆಯಿಟ್ಟ ಸುದ್ದಿ ಈಗಲೂ ಪತ್ರಿಕೆಯಲ್ಲಿ ಬರುತ್ತದೆ. ಸುಬೇದಾರ್ ಛತ್ರಂ ರಸ್ತೆಯ ಗದ್ದಲದಲ್ಲಿ ಮಾತ್ರ ಅದು ನಡೆಯುವುದಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ಅವಸರ, ಒಂದೇ ಜಗ್ಗು.

ಹೆಸರಾದ ಹೋಟೆಲಿಗೆ ನಾವು ನಮ್ಮವರನ್ನು ಕಟ್ಟಿಕೊಂಡು ಹೋಗುತ್ತೇವೆ, ನಮ್ಮವರ ಜೊತೆಗೇ ಕೂತು ತಿಂದು ಬರುತ್ತೇವೆ. ದೊಡ್ಡ ಹೋಟೆಲಿನಲ್ಲಿ ಎರಡು ಟೇಬಲ್ಲಿನ ನಡುವೆ ಗಿಡದ ಕುಂಡ ಇಟ್ಟಿರುತ್ತಾರೆ. ಈಗ ಅದೂ ಬೇಡವಾಗಿದೆ. ಗಲ್ಲಾದ ಪಕ್ಕದಲ್ಲಿ ಬಣ್ಣಬಣ್ಣದ ಟೀ ಶರ್ಟಿನ ಹುಡುಗರು ಫೋನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಊಟ ಪಾರ್ಸೆಲ್ಲಾಗಿ ಬೈಕು ಹತ್ತಿ ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಫೋನಿನ ಮುಂದೆ ಕೂತು ಉಣ್ಣುತ್ತಾರೆ. ಮಾಲೀಕರಿಗೆ ಕುರ್ಚಿಯ ಖರ್ಚಿಲ್ಲ, ತಿನ್ನುವವರಿಗೆ ಬೆನ್ನ ಹಿಂದೆ ಯಾರೂ ನಿಲ್ಲುವುದಿಲ್ಲ. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಪಾರ್ಸೆಲ್ ತಂದು ತಂದು ದಣಿದ ಆ ಹುಡುಗ ಮಾತ್ರ ಮೂರು ಗಂಟೆಗೆ ಹೆಲ್ಮೆಟ್ಟನ್ನು ಕಾಲ ಬಳಿ ಇಟ್ಟು, ಇದೇ ಟೇಬಲ್ಲಿನಲ್ಲಿ ಗುರುತಿಲ್ಲದ ಮೂವರ ಜೊತೆ ಕೂತು ಬಿಸಿಬೇಳೆಬಾತ್ ತಿನ್ನುತ್ತಾನೆ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದಿನ ಸಲ ಸಪ್ಲೈಯರ್ ‘ಅಲ್ಲೊಂದು ಸೀಟಿದೆ ನೋಡಿ’ ಎಂದರೆ, ಬೇರೆ ಟೇಬಲ್ ಖಾಲಿಯಾಗಲಿ, ಕಾಯ್ತೀವಿ ಎನ್ನಬೇಡಿ. ಹೋಗಿ ಕೂತುಬಿಡಿ. ಎದುರಿನವರು ಯಾರಾದರೇನು, ಬಿಸಿಬೇಳೆಬಾತ್ ಹೇಗಿದೆ ಎಂದು ಹೇಳುವಷ್ಟು ಒಳ್ಳೆಯವರು ಎಲ್ಲ ಜಾತಿಯಲ್ಲೂ ಇದ್ದಾರೆ. ಒಂದೇ ಒಂದು ವಿಷಯ: ನೀವು ಕೂತ ಮೇಲೆ ಪಕ್ಕದ ಕುರ್ಚಿ ಖಾಲಿಯಾದರೆ ದಯವಿಟ್ಟು ಅದರ ಮೇಲೆ ನಿಮ್ಮ ಬ್ಯಾಗು ಇಡಬೇಡಿ. ಬ್ಯಾಗು ಊಟ ಮಾಡುವುದಿಲ್ಲ.